ಬಲ ಯಾವ ಚಕ್ರಕ್ಕೆ?

ಮಾಸ್ತಿಕಟ್ಟೆಯಲ್ಲಿ ಕಾರು ತಗೊಳ್ತೀನಿ ಅಂದರೆ ಯಾರೂ ಮೊದಲು ಬಣ್ಣ ಕೇಳುವುದಿಲ್ಲ, ಮೈಲೇಜೂ ಕೇಳುವುದಿಲ್ಲ. ‘ಅಡಿ ತಾಗೂದಿಲ್ವಾ?’ ಎಂದು ಕೇಳುತ್ತಾರೆ. ನಾನು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಸೆಡಾನ್ ಹುಡುಕುತ್ತಿದ್ದೇನೆ ಎಂದು ಹೇಳಿದಾಗ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತಿದ್ದ ಜೀಪಿನ ಡ್ರೈವರ್ ಕೇಳಿದ್ದೂ ಅದನ್ನೇ. ತಾಗುತ್ತದೆ ಎಂದೆ. ‘ಮತ್ತೆಂತಕ್ಕೆ ಮಾರಾಯ್ರೆ?’ ಎಂದ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಉತ್ತರ ಹುಡುಕಲು ಹೋಗಿ ಐದಾರು ತಿಂಗಳು ಕಳೆದವು. ಕೊನೆಗೆ ಸಿಕ್ಕಿದ್ದು ಕಾರಿಗೆ ಸಂಬಂಧಪಟ್ಟ ಉತ್ತರವೇ ಅಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಊರು ನೋಡದವರಿಗೆ ಒಂದು ಮಾತು. ಮಾಸ್ತಿಕಟ್ಟೆ ಇರುವುದು ಹೊಸನಗರ ತಾಲ್ಲೂಕಿನ ಅಂಚಿನಲ್ಲಿ. ವಾರಾಹಿ ಜಲವಿದ್ಯುತ್ ಯೋಜನೆಯ ಕಾಲದಲ್ಲಿ ಬೆಳೆದ ಊರು ಇದು. ಮಾಣಿ ಅಣೆಕಟ್ಟಿನ ನೀರು ಇಲ್ಲಿಂದ ಘಟ್ಟದೊಳಗೇ ಇಳಿದು ಹೊಸಂಗಡಿಯ ನೆಲದಡಿಯ ವಿದ್ಯುದಾಗಾರವನ್ನು ಸೇರುತ್ತದೆ. ನೀರು ನೆಲದೊಳಗೆ ಇಳಿದರೆ ನಾವು ನೆಲದ ಮೇಲೆ, ಹುಲಿಕಲ್ ಘಾಟಿಯ ತಿರುವುಗಳಲ್ಲಿ ಇಳಿಯುತ್ತೇವೆ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಹುಲಿಕಲ್ ಒಂದು. ವರ್ಷಕ್ಕೆ 6,000 ಮಿಲಿಮೀಟರ್ ದಾಟಿತು ಅಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಾಂಬರಿನ ಅಂಚಿಗೆ ಪಾಚಿ ಕಟ್ಟುತ್ತದೆ, ದರೆ ಜರಿಯುತ್ತದೆ, ಮಧ್ಯಾಹ್ನ ಮೂರಕ್ಕೇ ಮಂಜು ಇಳಿದು ಹೆಡ್‌ಲೈಟ್ ಹಾಕಬೇಕಾಗುತ್ತದೆ. ಕುಂದಾಪುರಕ್ಕಾಗಲಿ ಮಣಿಪಾಲದ ಆಸ್ಪತ್ರೆಗಾಗಲಿ ಹೋಗುವವರಿಗೆ ದಾರಿ ಇದೇ. ಹುಲಿಕಲ್ಲಿನ ಚಂಡಿಕಾಂಬೆಗೆ ಕೈ ಮುಗಿಯದೆ ಗಾಡಿ ಇಳಿಸುವ ಡ್ರೈವರುಗಳು ಕಡಿಮೆ.

ಇಂಥ ಊರಿನವನಿಗೆ ಸ್ಪೋರ್ಟ್ಸ್ ಸೆಡಾನ್ ಯಾಕೆ? ನಿಜ ಹೇಳಬೇಕೆಂದರೆ, ಆಸೆ. ಚಿಕ್ಕಂದಿನಿಂದ ಇದ್ದ ಆಸೆ. ನಲವತ್ತೈದರ ಹತ್ತಿರ ಬಂದಿದ್ದೇನೆ, ಅಡಿಕೆಗೆ ಒಂದೆರಡು ವರ್ಷ ಒಳ್ಳೆಯ ರೇಟು ಸಿಕ್ಕಿತು, ಹೊಸತರಲ್ಲಿ ಕನಸಿನಲ್ಲೂ ಮುಟ್ಟಲಾಗದ ಕಾರುಗಳು ಎಂಟು ಹತ್ತು ವರ್ಷ ಹಳೆಯದಾದ ಮೇಲೆ ಕೈಗೆಟುಕುವ ಬೆಲೆಗೆ ಬಂದಿವೆ. ಆದರೆ ಆಸೆಯನ್ನು ಆಸೆ ಎಂದು ಹೇಳಿಕೊಳ್ಳಲು ನಮಗೆ ಸಂಕೋಚ. ಹಾಗಾಗಿ ಮನೆಯಲ್ಲಿ ನಾನು ಬಳಸಿದ್ದು ‘ಸೇಫ್ಟಿ’ ಎಂಬ ಶಬ್ದ.

ಪಟ್ಟಿಯಲ್ಲಿ ಮೂರು ಕಾರು ಉಳಿದವು. ಮೊದಲನೆಯದು ಸ್ಕೋಡಾ ಆಕ್ಟೇವಿಯಾ ವಿ.ಆರ್.ಎಸ್., ಮುಂದಿನ ಎರಡು ಚಕ್ರಕ್ಕೆ ಬಲ. ಎರಡನೆಯದು ಬಿ.ಎಂ.ಡಬ್ಲ್ಯು. ಮೂರನೇ ಸೀರೀಸ್, ಹಿಂದಿನ ಎರಡು ಚಕ್ರಕ್ಕೆ ಬಲ. ಮೂರನೆಯದು ಆಡಿ ಎ4 ಕ್ವಾಟ್ರೊ, ನಾಲ್ಕೂ ಚಕ್ರಕ್ಕೆ ಬಲ. ಕ್ವಾಟ್ರೊ ಎಂಬ ಹೆಸರನ್ನು ಆಡಿ 1980ರಲ್ಲಿ ಮೊದಲು ತಂದಿತು. ಇಟಲಿಯ ಭಾಷೆಯಲ್ಲಿ ಅದಕ್ಕೆ ‘ನಾಲ್ಕು’ ಎಂದಷ್ಟೇ ಅರ್ಥ.

ಈ ವ್ಯತ್ಯಾಸ ನಮಗೆ ಹೊಸದಲ್ಲ, ಹೆಸರು ಮಾತ್ರ ಹೊಸದು. ಅಪ್ಪನ ಕಾಲದ ಅಂಬಾಸಿಡರ್ ಹಿಂದಿನ ಚಕ್ರದ ಗಾಡಿ. ಇಂಜಿನ್ನು ಮುಂದೆ, ಅಲ್ಲಿಂದ ಉದ್ದದ ಶಾಫ್ಟು ಗಾಡಿಯ ಅಡಿಯಲ್ಲಿ ಹಾದು ಹಿಂದಿನ ಚಕ್ರ ತಿರುಗಿಸುತ್ತಿತ್ತು. 1983ರ ಕೊನೆಯಲ್ಲಿ ಬಂದ ಮಾರುತಿ 800 ಮುಂದಿನ ಚಕ್ರದ್ದು. ಇನ್ನು ಮಲೆನಾಡಿನ ಜೀಪು ಸಾಮಾನ್ಯಕ್ಕೆ ಹಿಂದಿನ ಚಕ್ರದಲ್ಲಿ ಓಡಿ, ಕೆಸರು ಬಂದಾಗ ಲಿವರ್ ಎಳೆದರೆ ನಾಲ್ಕೂ ಚಕ್ರಕ್ಕೆ ಬಲ ಹಂಚುತ್ತದೆ. ಅದೂ ಸಾಲದಾದರೆ ಟಯರಿಗೆ ಚೈನು ಸುತ್ತುತ್ತಾರೆ.

ಒಂದೊಂದಕ್ಕೂ ಒಂದೊಂದು ಗುಣ, ಒಂದೊಂದು ತಪ್ಪುವ ರೀತಿ. ಮುಂದಿನ ಚಕ್ರದ ಕಾರಿನಲ್ಲಿ ಇಂಜಿನ್ನಿನ ಭಾರ ಬಲವಿರುವ ಚಕ್ರಗಳ ಮೇಲೇ ಕೂತಿರುತ್ತದೆ. ಹಾಗಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ಚೆನ್ನಾಗಿರುತ್ತದೆ. ಆದರೆ ಕಡಿದಾದ ಏರಿನಲ್ಲಿ ಭಾರ ಹಿಂದಕ್ಕೆ ಸರಿಯುವುದರಿಂದ ಮುಂದಿನ ಚಕ್ರ ಗಿರಗಿರನೆ ತಿರುಗಬಹುದು. ತಿರುವಿನಲ್ಲಿ ವೇಗ ಹೆಚ್ಚಾದರೆ ನೀವು ಸ್ಟೇರಿಂಗ್ ತಿರುಗಿಸಿದರೂ ಅದು ಹೊರಮುಖವಾಗಿ, ನೇರ ಹೋಗಲು ನೋಡುತ್ತದೆ. ಹಿಂದಿನ ಚಕ್ರದ ಕಾರಿನಲ್ಲಿ ಎಳೆಯುವ ಕೆಲಸ ಒಬ್ಬನಿಗೆ, ದಾರಿ ತೋರುವ ಕೆಲಸ ಇನ್ನೊಬ್ಬನಿಗೆ. ಅದಕ್ಕೇ ಸ್ಟೇರಿಂಗ್ ಹಿಡಿದವನಿಗೆ ಅಷ್ಟು ಖುಷಿ. ಏರಿನಲ್ಲಿ ಭಾರ ಹಿಂದಕ್ಕೆ ಬಂದಷ್ಟೂ ಅದಕ್ಕೆ ಹಿಡಿತ ಹೆಚ್ಚು. ಆದರೆ ಒದ್ದೆ ತಿರುವಿನ ನಡುವೆ ಆಕ್ಸಿಲರೇಟರ್ ಜಾಸ್ತಿ ಒತ್ತಿದರೆ ಕಾರಿನ ಹಿಂಭಾಗ ಜಾರಿ ಮುಂಭಾಗವನ್ನೇ ಹಿಂದಿಕ್ಕಲು ಹೊರಡುತ್ತದೆ. ನಾಲ್ಕು ಚಕ್ರದ್ದು ಎರಡೂ ಕಷ್ಟಗಳನ್ನು ಕಡಿಮೆ ಮಾಡುತ್ತದೆ. ಬದಲಿಗೆ ತೂಕ, ಹೆಚ್ಚು ಇಂಧನ, ಹೆಚ್ಚು ಡಿಫರೆನ್ಶಿಯಲ್ಲು, ಹೆಚ್ಚು ಎಣ್ಣೆ ಕೇಳುತ್ತದೆ. ನಾಲ್ಕೂ ಟಯರು ಒಂದೇ ಹದದಲ್ಲಿ ಸವೆದಿರಬೇಕು. ಎರಡು ಹೊಸದು, ಎರಡು ಹಳೆಯದು ಹಾಕಿ ಓಡಿಸಿದರೆ ಅಳತೆಯ ವ್ಯತ್ಯಾಸದಿಂದ ಒಳಗಿನ ಗೇರುಗಳು ಸುಮ್ಮನೆ ತೇಯುತ್ತವೆ.

ನಾನು ನೋಡಿದ ಆಡಿಯಲ್ಲಿ ಇದ್ದದ್ದು ಹಾಗೆಯೇ, ಮುಂದೆ ಹೊಸ ಟಯರು, ಹಿಂದೆ ಹಳೆಯದು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಮುಂದಿನ ಎರಡು ವರ್ಷ. ಹಿಂದಿನ ಟಯರಿಗೆ ಏಳು ವರ್ಷ ದಾಟಿತ್ತು. ಆದರೂ ನನ್ನ ಮನಸ್ಸು ವಾಲಿದ್ದು ಆಡಿಯ ಕಡೆಗೇ. ನಾಲ್ಕು ಚಕ್ರಕ್ಕೆ ಬಲ ಇದ್ದರೆ ಘಾಟಿಯಲ್ಲಿ ಏನೂ ಆಗುವುದಿಲ್ಲ ಎಂಬ ಧೈರ್ಯ. ಆ ಧೈರ್ಯಕ್ಕೆ ಎಷ್ಟು ಹಣ ಬೇಕಾದರೂ ಕೊಡಲು ತಯಾರಿದ್ದೆ.

ಮಾವನಿಗೆ ಫೋನ್ ಮಾಡಿದೆ. ನನ್ನ ಸೋದರಮಾವ ಮೂವತ್ತು ವರ್ಷ ಈ ಭಾಗದಲ್ಲಿ ಜೀಪು ಓಡಿಸಿದವರು.

‘ಫೋರ್ ವೀಲ್ ಇದ್ರೆ ಒಳ್ಳೇದಲ್ವಾ ಮಾವ, ಮಳೆಗಾಲಕ್ಕೆ?’

‘ಎಂತಕ್ಕೆ ಒಳ್ಳೇದು?’

‘ಜಾರೂದಿಲ್ಲ.’

‘ಹೋಪಕ್ಕೆ ಜಾರೂದಿಲ್ಲ. ನಿಲ್ಲಕ್ಕೆ?’

ಫೋನ್ ಇಟ್ಟ ಮೇಲೆ ಬಹಳ ಹೊತ್ತು ಹಾಗೇ ಕೂತಿದ್ದೆ. ಅವರು ಹೇಳಿದ್ದು ಯಾವ ಇಂಜಿನಿಯರ್ ಕೇಳಿದರೂ ಒಪ್ಪುವ ಮಾತು. ಬಲ ಎರಡು ಚಕ್ರಕ್ಕಿರಲಿ, ನಾಲ್ಕಕ್ಕಿರಲಿ, ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ. ನಿಲ್ಲುವಾಗ ಅಂಬಾಸಿಡರ್ರೂ ಕ್ವಾಟ್ರೊವೂ ನಾಲ್ಕು ಚಕ್ರದ ಗಾಡಿಗಳೇ. ನಿಲ್ಲಿಸುವುದು ಪ್ರತಿ ಟಯರಿನ ಅಡಿಯಲ್ಲಿ ಹೆಚ್ಚುಕಡಿಮೆ ಒಂದು ಅಂಗೈ ಅಗಲದ ರಬ್ಬರು. ವೇಗ 40ರಿಂದ 60ಕ್ಕೆ ಏರಿದರೆ ನಿಲ್ಲಲು ಬೇಕಾಗುವ ದೂರ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು ಹೆಚ್ಚುತ್ತದೆ. ನಾಲ್ಕು ಚಕ್ರದ ಕಾರು ಸರಾಗವಾಗಿ ಹೋಗುವುದರಿಂದ ರಸ್ತೆ ಜಾರುತ್ತಿದೆ ಎಂಬುದೇ ಓಡಿಸುವವನಿಗೆ ತಿಳಿಯುವುದಿಲ್ಲ. ತಿಳಿಯುವುದು ಬ್ರೇಕ್ ಒತ್ತಿದಾಗ.

ಇದರ ಬಗ್ಗೆ ಹಳೆಯದೊಂದು ಪ್ರಯೋಗವಿದೆ. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಒಂದು ಟ್ಯಾಕ್ಸಿ ಕಂಪನಿಯ ಕೆಲವು ಕಾರುಗಳಿಗೆ ಮಾತ್ರ ಎ.ಬಿ.ಎಸ್. ಬ್ರೇಕ್ ಇತ್ತು, ಉಳಿದವಕ್ಕೆ ಇರಲಿಲ್ಲ. ಉಳಿದಂತೆ ಎಲ್ಲವೂ ಒಂದೇ. ಒಳ್ಳೆಯ ಬ್ರೇಕ್ ಇದ್ದವರಿಗೆ ಅಪಘಾತ ಕಡಿಮೆಯಾಗಬೇಕಿತ್ತು, ಆಗಲಿಲ್ಲ. ಗಮನಿಸಿ ನೋಡಿದರೆ ಆ ಡ್ರೈವರುಗಳು ತಿರುವನ್ನು ಇನ್ನಷ್ಟು ಚುರುಕಾಗಿ ತೆಗೆಯುತ್ತಿದ್ದರು, ಮುಂದಿನ ಗಾಡಿಗೆ ಇನ್ನಷ್ಟು ಹತ್ತಿರ ಹೋಗುತ್ತಿದ್ದರು. ಯಂತ್ರ ಕೊಟ್ಟ ರಕ್ಷಣೆಯನ್ನು ಅವರು ವೇಗಕ್ಕೆ ಬದಲಾಯಿಸಿಕೊಂಡಿದ್ದರು. ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲೇ ಇಂಥದ್ದೊಂದು ವಾದ ಮುಂದಿಟ್ಟಿದ್ದ. ಕಾರಿನ ಒಳಗಿರುವವನಿಗೆ ಕೊಟ್ಟ ಸುರಕ್ಷತೆಯ ಬೆಲೆಯನ್ನು ಕೆಲವೊಮ್ಮೆ ಹೊರಗೆ ನಡೆಯುವವನು ತೆರಬೇಕಾಗುತ್ತದೆ ಎಂದು. ಅವನ ಲೆಕ್ಕಾಚಾರದ ಬಗ್ಗೆ ತಕರಾರುಗಳಿವೆ. ಸೀಟ್‌ಬೆಲ್ಟ್ ಜೀವ ಉಳಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ‘ಒಳಗಿನವನು, ಹೊರಗಿನವನು’ ಎಂಬ ಆ ವಿಂಗಡಣೆ ನನ್ನನ್ನು ಚುಚ್ಚಿತು. ಯಾಕೆಂದರೆ ಹೊರಗಿನವನೊಬ್ಬನನ್ನು ನಾನು ಹತ್ತಿರದಿಂದ ಬಲ್ಲೆ.

2009ರ ಜುಲೈ. ಯಡೂರಿನಿಂದ ಮಾಸ್ತಿಕಟ್ಟೆಗೆ ಬರುತ್ತಿದ್ದೆ. ನನ್ನದು ಆಗ ಹತ್ತು ವರ್ಷ ಹಳೆಯ ಸೆಡಾನ್, ಎ.ಬಿ.ಎಸ್. ಇಲ್ಲದ್ದು. ಟಯರು ಸವೆದಿದೆ, ಬದಲಾಯಿಸಿ ಎಂದು ಗ್ಯಾರೇಜಿನವನು ಮೇ ತಿಂಗಳಲ್ಲೇ ಹೇಳಿದ್ದ. ಕೊಯ್ಲು ಮುಗಿಯಲಿ ಎಂದಿದ್ದೆ. ಶಾಲೆ ಬಿಡುವ ಹೊತ್ತು, ಮಳೆ ಹೊಯ್ಯುತ್ತಿತ್ತು. ತಿರುವಿನಲ್ಲಿ ನನ್ನ ವೇಗ 60 ಇತ್ತು. ತಿರುವು ದಾಟಿದರೆ ರಸ್ತೆಯ ಅಂಚಿನಲ್ಲಿ ಒಬ್ಬ ಹುಡುಗ, ಹತ್ತು ವರ್ಷವಿರಬಹುದು, ಗಾಳಿಗೆ ಮಗುಚಿದ ಕೊಡೆಯನ್ನು ಸರಿಮಾಡಲು ನಿಂತಿದ್ದ. ಬ್ರೇಕ್ ಒತ್ತಿದೆ. ಚಕ್ರಗಳು ಕಚ್ಚಿಕೊಂಡವು, ಕಾರು ನಿಲ್ಲಲಿಲ್ಲ. ಸ್ಟೇರಿಂಗ್ ತಿರುಗಿಸಿದೆ, ಕಾರು ತಿರುಗಲಿಲ್ಲ. ಎಲ್ಲಿಗೆ ಹೋಗಬೇಕೆಂದು ಅದೇ ತೀರ್ಮಾನಿಸಿದಂತೆ ಜಾರುತ್ತಾ ಹೋಗಿ ಚರಂಡಿಗೆ ಇಳಿದು ದರೆಗೆ ಗುದ್ದಿ ನಿಂತಿತು. ಹುಡುಗನಿಗೂ ಕಾರಿಗೂ ನಡುವೆ ಕೊಡೆ ಇತ್ತು. ಅದು ಮುರಿದಿತ್ತು. ಅವನಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಕೆಳಗಿಳಿದು ಅವನ ಹತ್ತಿರ ಹೋದೆ. ನನ್ನ ಕೈಕಾಲು ನಡುಗುತ್ತಿತ್ತು, ಅವನದಲ್ಲ. ‘ಅಣ್ಣಾ, ಕೊಡೆ ಹೋಯ್ತಲ್ಲ, ಮನೇಲಿ ಬಯ್ತಾರೆ’ ಎಂದ. ಕೊಡೆಗೆಂದು ದುಡ್ಡು ಕೊಟ್ಟೆ. ಮನೆಗೆ ಬಂದು ‘ರಸ್ತೆ ಜಾರಿತು, ಚರಂಡಿಗೆ ಹೋಯ್ತು’ ಎಂದೆ. ರಸ್ತೆ ಜಾರಿತು. ಎಷ್ಟು ಅನುಕೂಲದ ವಾಕ್ಯ! ಅದರಲ್ಲಿ ನಾನೂ ಇಲ್ಲ, ಹುಡುಗನೂ ಇಲ್ಲ, ಟಯರೂ ಇಲ್ಲ.

ಅವನು ಇನ್ನೆರಡು ಹೆಜ್ಜೆ ರಸ್ತೆಯ ಕಡೆಗಿದ್ದಿದ್ದರೆ? ನಾನು ಮಾಡಿದ ತಪ್ಪು ಆಗಲೂ ಅಷ್ಟೇ ಇರುತ್ತಿತ್ತು. ಅದೇ ಟಯರು, ಅದೇ ವೇಗ, ಅದೇ ಸೋಮಾರಿತನ. ಆದರೆ ಊರು, ಕೋರ್ಟು, ನಾನೇ ಕೂಡ, ನನ್ನನ್ನು ಬೇರೆಯೇ ಮನುಷ್ಯನನ್ನಾಗಿ ನೋಡುತ್ತಿದ್ದೆವು. ಎರಡು ಹೆಜ್ಜೆಯ ಅಂತರ ನನ್ನದಲ್ಲ, ಆ ಹುಡುಗನದು, ಅಥವಾ ಗಾಳಿಯದು. ಹಾಗಿದ್ದರೆ ನಾನು ಇವತ್ತು ‘ಒಳ್ಳೆಯವನು’ ಎನಿಸಿಕೊಂಡು ಓಡಾಡುತ್ತಿರುವುದು ನನ್ನ ಒಳ್ಳೆಯತನದಿಂದಲೋ, ಗಾಳಿಯಿಂದಲೋ?

ಬಹಳ ವರ್ಷದ ನಂತರ ಗೊತ್ತಾಯಿತು, ಈ ಪ್ರಶ್ನೆಗೆ ತತ್ವಶಾಸ್ತ್ರದಲ್ಲಿ ಒಂದು ಹೆಸರಿದೆ, ನೈತಿಕ ಅದೃಷ್ಟ ಎಂದು. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎಂಬ ಇಬ್ಬರು ಇದನ್ನು ಕುರಿತು ಜೊತೆಜೊತೆಗೆ ಪ್ರಬಂಧ ಬರೆದರು. ಇಬ್ಬರ ಉದಾಹರಣೆಗಳಲ್ಲೂ ಒಬ್ಬ ಲಾರಿ ಡ್ರೈವರ್ ಬರುತ್ತಾನೆ, ಅಡ್ಡ ಬಂದ ಮಗು ಬರುತ್ತದೆ. ನೇಗಲ್‌ನ ಡ್ರೈವರ್ ಬ್ರೇಕನ್ನು ಸಮಯಕ್ಕೆ ಸರಿಯಾಗಿ ಪರೀಕ್ಷೆ ಮಾಡಿಸಿರುವುದಿಲ್ಲ. ಮಗು ಅಡ್ಡ ಬಂದರೆ ಅವನು ಜನ್ಮವಿಡೀ ಆ ಭಾರ ಹೊರುತ್ತಾನೆ. ಬರದಿದ್ದರೆ ಅದೇ ಬ್ರೇಕು, ಅದೇ ಅಲಕ್ಷ್ಯ, ಅವನಿಗೆ ನೆನಪೂ ಇರುವುದಿಲ್ಲ. ವಿಲಿಯಮ್ಸ್‌ನ ಡ್ರೈವರ್ ಯಾವ ತಪ್ಪನ್ನೂ ಮಾಡಿಲ್ಲ. ಆದರೂ ಪಕ್ಕದಲ್ಲಿ ನಿಂತು ನೋಡಿದವನ ದುಃಖಕ್ಕೂ ಅವನ ದುಃಖಕ್ಕೂ ವ್ಯತ್ಯಾಸವಿದೆ, ಇರಬೇಕು ಎನ್ನುತ್ತಾನೆ ವಿಲಿಯಮ್ಸ್. ‘ನಿನ್ನ ತಪ್ಪಿಲ್ಲ ಬಿಡು’ ಎಂದ ತಕ್ಷಣ ಹಗುರಾಗಿ ಎದ್ದು ಹೋಗುವ ಡ್ರೈವರನನ್ನು ಕಂಡರೆ ನಮಗೇ ಏನೋ ಸರಿಯಿಲ್ಲ ಅನ್ನಿಸುತ್ತದೆ. ಅಲ್ಲವೇ?

ಓದುವಾಗ ಇದು ಯಾವುದೋ ದೂರದ ವಾದ ಅನ್ನಿಸಲಿಲ್ಲ. ನನ್ನ ಟಯರಿನ ಬಗ್ಗೆ ಬರೆದಂತಿತ್ತು. ಆಮೇಲೆ ನನ್ನ ಕಾರಿನ ಪಟ್ಟಿಯನ್ನು ಇನ್ನೊಮ್ಮೆ ತೆಗೆದು ನೋಡಿದಾಗ ನಾಚಿಕೆಯಾಯಿತು. ಐದಾರು ತಿಂಗಳಿಂದ ನಾನು ಹುಡುಕುತ್ತಿದ್ದದ್ದು ಕಾರನ್ನಲ್ಲ. ಇನ್ನು ಮುಂದೆ ನನ್ನಿಂದ ತಪ್ಪೇ ಆಗಲಾರದು ಎಂದು ಬರೆದುಕೊಡುವ ಯಂತ್ರವೊಂದನ್ನು ಹುಡುಕುತ್ತಿದ್ದೆ. ನಾಲ್ಕು ಚಕ್ರಕ್ಕೆ ಬಲ ಎಂಬುದು ನನಗೆ ಒಂದು ಬಗೆಯ ಪ್ರಾಯಶ್ಚಿತ್ತವಾಗಿ ಕಂಡಿತ್ತು. ದುಡ್ಡು ಕೊಟ್ಟರೆ ಮುಗಿಯುವ ಪ್ರಾಯಶ್ಚಿತ್ತ, ಆ ಕೊಡೆಯ ದುಡ್ಡಿನ ಹಾಗೆ.

ನಮ್ಮ ಕಡೆ ಯಕ್ಷಗಾನ ನೋಡಿ ಬೆಳೆದವರಿಗೆ ಧರ್ಮರಾಯನ ರಥದ ಕತೆ ಗೊತ್ತಿರುತ್ತದೆ. ಅವನ ರಥ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿತ್ತಂತೆ. ಅಶ್ವತ್ಥಾಮ ಸತ್ತ ಎಂಬ ಅರೆಸತ್ಯ ಬಾಯಿಂದ ಬಿದ್ದ ದಿನ ಅದು ನೆಲಕ್ಕೆ ಇಳಿಯಿತು. ಚಿಕ್ಕವನಿದ್ದಾಗ ಇದನ್ನು ಶಿಕ್ಷೆ ಎಂದುಕೊಂಡಿದ್ದೆ. ಈಗ ನೋಡಿದರೆ ಮೊದಲಿನ ಸ್ಥಿತಿಯೇ ಹೆಚ್ಚು ಅಪಾಯದ್ದು ಅನ್ನಿಸುತ್ತದೆ. ನೆಲ ಮುಟ್ಟದ ಚಕ್ರಕ್ಕೆ ಬ್ರೇಕ್ ಹಿಡಿಯುವುದಾದರೂ ಹೇಗೆ? ಹಿಡಿತ ಅಂದರೆ ತಾಗುವುದು, ತೇಯುವುದು. ತನ್ನದು ನಿಷ್ಕಳಂಕ ರಥ ಎಂದುಕೊಂಡು ರಸ್ತೆಗಿಳಿದವನು ಎದುರು ಬರುವವರಿಗೆ ಒಳ್ಳೆಯ ಸುದ್ದಿಯಲ್ಲ.

ಹಾಗೆಂದು ಅದೃಷ್ಟವೇ ಎಲ್ಲ, ನಾವು ಮಾಡುವುದೇನೂ ಇಲ್ಲ ಎಂದು ಕೈಚೆಲ್ಲಲೂ ಆಗದು. ಹುಡುಗ ಎಲ್ಲಿ ನಿಂತಿರುತ್ತಾನೆ ಎಂಬುದು ನನ್ನ ಕೈಯಲ್ಲಿಲ್ಲ, ನಿಜ. ಆದರೆ ಅದೃಷ್ಟ ತಿರುವಿನಲ್ಲಿ ಕಾಯುತ್ತಿರುವಾಗ ಅದಕ್ಕಿಂತ ಮೊದಲಿನ ಹೊತ್ತೊಂದು ನನ್ನದಾಗಿರುತ್ತದೆ. ಟಯರು ಬದಲಾಯಿಸುವ ಮೇ ತಿಂಗಳು, ವೇಗ ಇಳಿಸುವ ಐವತ್ತು ಮೀಟರು, ಕಾರು ಆರಿಸುವ ಈ ದಿನಗಳು. ನೈತಿಕತೆ ಅಂತ ಏನಾದರೂ ಇದ್ದರೆ ಬಹುಪಾಲು ಇಂಥ ಬೇಜಾರಿನ ಹೊತ್ತುಗಳಲ್ಲೇ ಇದೆ ಅನ್ನಿಸುತ್ತದೆ. ಬ್ರೇಕ್ ಒತ್ತುವ ಕ್ಷಣದಲ್ಲಿ ಯಾರೂ ಒಳ್ಳೆಯವರೂ ಅಲ್ಲ ಕೆಟ್ಟವರೂ ಅಲ್ಲ, ಹೆದರಿದವರು ಅಷ್ಟೇ.

‘ಹೆದರಿದವನು’ ಎಂಬ ಈ ಶಬ್ದವೇ ಕೊನೆಗೆ ನನಗೆ ಕಾರು ಆರಿಸಿಕೊಟ್ಟಿತು. ಅಲ್ಲಿಯವರೆಗೆ ಮೂರೂ ಕಾರುಗಳನ್ನು ನಾನು ಹೋಲಿಸುತ್ತಿದ್ದದ್ದು ನನ್ನ ಒಳ್ಳೆಯ ಹೊತ್ತನ್ನು ಮನಸ್ಸಿನಲ್ಲಿಟ್ಟುಕೊಂಡು. ಬೆಳಗಿನ ಬಿಸಿಲು, ಖಾಲಿ ರಸ್ತೆ, ನಿದ್ದೆ ಮಾಡಿದ ಕಣ್ಣು. ಆ ಲೆಕ್ಕದಲ್ಲಿ ಬಿ.ಎಂ.ಡಬ್ಲ್ಯು.ವಿಗೆ ಸಾಟಿಯಿಲ್ಲ. ಓಡಿಸಿ ನೋಡಿದ ದಿನ ಮನೆಗೆ ಬಂದರೂ ಕೈಯಲ್ಲಿ ಆ ಸ್ಟೇರಿಂಗ್ ಇತ್ತು. ಆದರೆ ನನ್ನ ಕೆಟ್ಟ ಹೊತ್ತನ್ನು ಇಟ್ಟುಕೊಂಡು ಹೋಲಿಸಿದರೆ? ಹೆದರಿದಾಗ ನನ್ನ ಕಾಲು ಏನು ಮಾಡುತ್ತದೆ ಎಂದು ನನಗೆ ಗೊತ್ತು. ಆಕ್ಸಿಲರೇಟರ್ ಬಿಟ್ಟುಬಿಡುತ್ತದೆ. ಹಿಂಭಾಗ ಜಾರುತ್ತಿರುವ ಹಿಂದಿನ ಚಕ್ರದ ಕಾರಿನಲ್ಲಿ ಥಟ್ಟನೆ ಕಾಲು ತೆಗೆದರೆ ಜಾರುವುದು ಇನ್ನೂ ಹೆಚ್ಚಾಗಬಹುದು. ಅಲ್ಲಿ ಬೇಕಾದದ್ದು ಅಭ್ಯಾಸ, ತಣ್ಣನೆಯ ತಲೆ. ಈಗಿನ ಕಾರುಗಳಲ್ಲಿ ಕಂಪ್ಯೂಟರು ಸಹಾಯಕ್ಕೆ ಬರುತ್ತದೆ, ಆದರೆ ಅದಕ್ಕೂ ಮಿತಿಯಿದೆ. ಮುಂದಿನ ಚಕ್ರದ ಕಾರು ತಪ್ಪುವಾಗ ಸಾಮಾನ್ಯವಾಗಿ ಹೊರಮುಖವಾಗಿ ತಪ್ಪುತ್ತದೆ. ಅಲ್ಲಿ ಕಾಲು ತೆಗೆಯುವುದೇ ಮದ್ದು. ಹೆದರಿದವನು ತಿಳಿಯದೆ ಮಾಡುವ ಕೆಲಸವೇ ಅಲ್ಲಿ ಸರಿಯಾದ ಕೆಲಸ.

ಇದು ಎಲ್ಲರಿಗೂ ಅನ್ವಯಿಸುವ ತೀರ್ಪಲ್ಲ. ತಣ್ಣನೆಯ ಕಾಲಿನವರು ಹಿಂದಿನ ಚಕ್ರದ ಕಾರನ್ನು ಇದೇ ಘಾಟಿಯಲ್ಲಿ ನೀರು ಹರಿದಂತೆ ಇಳಿಸುವುದನ್ನು ನೋಡಿದ್ದೇನೆ. ನಾನು ಹೇಳುತ್ತಿರುವುದು ನನ್ನ ಕಾಲಿನ ಮಾತು. ‘ಸೇಫ್ಟಿ’ ಎಂಬ ಮುಸುಕನ್ನೂ ತೆಗೆದೆ. 200 ದಾಟುವ ಹಾರ್ಸ್‌ಪವರ್ ಈ ರಸ್ತೆಗೆ ಬೇಡ, ಅದು ನನ್ನ ಆಸೆಗೆ ಬೇಕು ಎಂದು ಮನೆಯಲ್ಲಿ ಬಾಯಿಬಿಟ್ಟು ಹೇಳಿದೆ. ಹೆಂಡತಿ, ‘ಇಷ್ಟು ಹೇಳಕ್ಕೆ ಆರು ತಿಂಗಳು ಬೇಕಾಯ್ತಾ?’ ಎಂದು ನಕ್ಕಳು. ಆಸೆ ತಪ್ಪಲ್ಲ. ಅದರ ಖರ್ಚನ್ನು ಕೊಡೆ ಹಿಡಿದು ಹೋಗುವವರ ಲೆಕ್ಕಕ್ಕೆ ಬರೆಯುವುದು ತಪ್ಪು.

ಮಾವನ ಮನೆಗೆ ಹೋಗಿ ಅಂಗಳದ ಚಪ್ಪರದ ಕೆಳಗೆ ಕೂತು 2009ರದ್ದನ್ನು ಹೇಳಿದೆ. ಹುಡುಗ, ಕೊಡೆ, ಟಯರು, ಎಲ್ಲ. ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ‘ಟಯರಿಗೆಷ್ಟು ಇಟ್ಟಿದ್ದೆ ಈಗ?’ ಎಂದರು. ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನನಗೆ ಎರಡೂ ಬೇಕಿತ್ತು ಎಂದು ಆಮೇಲೆ ತಿಳಿಯಿತು.

ಆಕ್ಟೇವಿಯಾ ಬಂತು. ಬೆಲೆಯಲ್ಲಿ ಉಳಿದದ್ದರಲ್ಲಿ ಮೊದಲು ನಾಲ್ಕು ಟಯರು, ಆಮೇಲೆ ಬ್ರೇಕ್ ಪ್ಯಾಡು, ಬ್ರೇಕ್ ಎಣ್ಣೆ. ಕಾನೂನಿಗೆ 1.6 ಮಿಲಿಮೀಟರ್ ಗೆರೆ ಉಳಿದಿದ್ದರೆ ಸಾಕು, ನಮ್ಮ ಮಳೆಗೆ ಸಾಲದು. ಹಂಪುಗಳಲ್ಲಿ ಅಡಿ ತಾಗುತ್ತದೆ. ಹೋಟೆಲಿನ ಜೀಪ್ ಡ್ರೈವರ್ ಪ್ರತಿ ಸಲವೂ ಆ ಸದ್ದಿಗೆ ತಲೆಯೆತ್ತಿ ನೋಡುತ್ತಾನೆ.

ಈ ಜೂನ್‌ನಲ್ಲಿ ಮಾವನನ್ನು ಕೂರಿಸಿಕೊಂಡು ಯಡೂರಿನ ಕಡೆಯಿಂದ ಬರುತ್ತಿದ್ದೆ. ಅದೇ ತಿರುವು, ಶಾಲೆ ಬಿಟ್ಟ ಹೊತ್ತು. ಮಳೆಯಲ್ಲಿ ಮೂರ್ನಾಲ್ಕು ಕೊಡೆಗಳು ರಸ್ತೆಯ ಅಂಚಿನಲ್ಲಿ ಅಲುಗಾಡುತ್ತಾ ಬರುತ್ತಿದ್ದವು. ‘ಮಕ್ಕಳು ದಾಟ್ಲಿ, ನಿಲ್ಸು’ ಎಂದರು ಮಾವ. ನಾನು ಎರಡನೇ ಗೇರಿಗೆ ಇಳಿಸಿ, ಆಗಲೇ ನಿಲ್ಲಿಸಿದ್ದೆ.